ಒಬ್ಬರೇ ಬಿಡಲು ಹೋಗಬೇಡಿ

ಕೇಳುಗರಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ತಂಬಾಕು ಚಟ ಬಿಡಿಸುವ ಚಿಕಿತ್ಸೆ ನೀಡುವ ವೈದ್ಯೆ. ಸಿಗರೇಟು, ಬೀಡಿ ಸೇದಿದರೆ ಯಾವ ಯಾವ ಕಾಯಿಲೆ ಬರುತ್ತದೆ ಎಂದು ಹೇಳಲು ಇಂದು ಬಂದಿಲ್ಲ. ಅದು ಸೇದುವವರಿಗೆಲ್ಲ ಗೊತ್ತು. ಪ್ಯಾಕಿನ ಮೇಲೆ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರವೇ ತುಂಬಿಕೊಂಡಿದೆ, ಅದನ್ನು ನೋಡುತ್ತಲೇ ಕಡ್ಡಿ ಗೀರುತ್ತಾರೆ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಬಿಡಬೇಕು ಎಂಬ ಆಸೆ ನಿಮಗಿದ್ದರೆ ಒಬ್ಬರೇ ಬಿಡಲು ಹೋಗಬೇಡಿ. ಇದಕ್ಕೆ ಔಷಧವಿದೆ, ಜೊತೆಯಲ್ಲಿ ನಿಂತು ಮಾತನಾಡುವ ಆಪ್ತಸಮಾಲೋಚಕರಿದ್ದಾರೆ. ಎರಡನ್ನೂ ಬಳಸಿಕೊಳ್ಳಿ.

ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಿರುವ ತಾಯಂದಿರೂ ಇದನ್ನು ಕೇಳುತ್ತಿರಬಹುದು. ಮನೆಯವರಿಗೋ ಮಗನಿಗೋ ನೀವು ಒಂದು ಮಾತು ಹೇಳುತ್ತೀರಲ್ಲ, 'ಮನಸ್ಸು ಗಟ್ಟಿ ಮಾಡಿದರೆ ಬಿಡುವುದು ಏನು ಮಹಾ' ಎಂದು, ದಯವಿಟ್ಟು ಆ ಮಾತನ್ನು ಇವತ್ತಿಗೇ ನಿಲ್ಲಿಸಿ. ಆ ಮಾತಿನಿಂದ ಸೇದುವುದು ನಿಂತದ್ದನ್ನು ನಾನು ಕಂಡಿಲ್ಲ. ಕದ್ದು ಸೇದಲು ಶುರುಮಾಡಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಒಂದು ದಮ್ಮು ಎಳೆದರೆ ತಂಬಾಕಿನಲ್ಲಿ ಚಟ ಹಿಡಿಸುವ ವಸ್ತುವಾದ ನಿಕೋಟಿನ್ ಮೆದುಳು ತಲುಪಲು 10ರಿಂದ 20 ಸೆಕೆಂಡು ಸಾಕು. ದಿನಕ್ಕೆ ಹತ್ತಿಪ್ಪತ್ತು ಸಲ, ವರ್ಷಗಟ್ಟಲೆ ಹೀಗೆ ಆದಾಗ ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ನಿಕೋಟಿನ್ ಇಲ್ಲದಿದ್ದರೆ ಸಿಡುಕು, ತಳಮಳ, ನಿದ್ದೆ ಬಾರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಬಿಟ್ಟ ಎರಡು ಮೂರು ದಿನಗಳಲ್ಲಿ ಇದು ತೀರಾ ಹೆಚ್ಚಿರುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಇದು ದೇಹದಲ್ಲಿ ನಡೆಯುವ ವ್ಯವಹಾರ, ನಿಮ್ಮ ಯಜಮಾನರ ಸ್ವಭಾವದ ದೋಷವಲ್ಲ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೂ ಸೇದದೆ ಉಳಿಯುವವರು ನಾಲ್ಕೈದು ಮಂದಿ ಮಾತ್ರ. ಉಳಿದ ತೊಂಬತ್ತೈದು ಮಂದಿಗೂ ಮನಸ್ಸು ಗಟ್ಟಿಯಿಲ್ಲ ಎನ್ನುವುದು ನ್ಯಾಯವೇ?

ಕೆ.ಆರ್. ಮಾರುಕಟ್ಟೆಯ ಒಬ್ಬ ಹೂವಿನ ವ್ಯಾಪಾರಿಯ ಕಥೆ ಹೇಳುತ್ತೇನೆ. ವಯಸ್ಸು ಐವತ್ತರ ಹತ್ತಿರ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಮುಖ ತೊಳೆಯುವ ಮೊದಲೇ ಒಂದು ಸಿಗರೇಟು. ಮಾರುಕಟ್ಟೆಗೆ ಬಂದು ಸೇವಂತಿಗೆ ಮೂಟೆ ಇಳಿಸುವಾಗ ಒಂದು, ಟೀ ಜೊತೆ ಒಂದು. ಹೀಗೆ ದಿನಕ್ಕೆ ಎರಡು ಪ್ಯಾಕ್. ಅವರನ್ನು ಹೆಂಡತಿ ನನ್ನ ಬಳಿ ಕರೆದುಕೊಂಡು ಬಂದರು. ಕುಳಿತ ಕೂಡಲೇ ಆಕೆ ಹೇಳಿದ ಮಾತು ಇದು: 'ಮೇಡಂ, ಇವರು ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಒಂದು ಸಿಗರೇಟೂ ಮುಟ್ಟುವುದಿಲ್ಲ. ದೇವರ ಭಯಕ್ಕೆ ಬಿಡುತ್ತಾರೆ, ನಮ್ಮ ಮೇಲಿನ ಪ್ರೀತಿಗೆ ಬಿಡುವುದಿಲ್ಲ.'

ಆ ಮನುಷ್ಯ ತಲೆ ಎತ್ತಲಿಲ್ಲ. ಮಾಲೆ ತೆಗೆದ ಮರುದಿನ ಮಾರುಕಟ್ಟೆಗೆ ಹೋದರೆ ಮತ್ತೆ ಅದೇ ಟೀ, ಅದೇ ಸಿಗರೇಟು. ಹತ್ತಾರು ವರ್ಷಗಳಿಂದ ನಡೆದು ಬಂದದ್ದು ಹೀಗೆಯೇ. ತನ್ನಲ್ಲಿ ಭಕ್ತಿಯೂ ಸುಳ್ಳು, ಮನಸ್ಸೂ ಸುಳ್ಳು ಎಂದು ಅವರು ತೀರ್ಮಾನ ಮಾಡಿಕೊಂಡಿದ್ದರು. ನಾನು ಆ 41 ದಿನಗಳ ಬಗ್ಗೆಯೇ ಕೇಳಲು ಶುರುಮಾಡಿದೆ. ವ್ರತದಲ್ಲಿ ಎದ್ದ ತಕ್ಷಣ ಏನು ಮಾಡುತ್ತೀರಿ? ತಣ್ಣೀರು ಸ್ನಾನ, ಪೂಜೆ. ಅಂದರೆ ಮೊದಲ ಸಿಗರೇಟಿನ ಹೊತ್ತಿಗೆ ಅವರ ಕೈಗೆ ಬೇರೆ ಕೆಲಸ ಇರುತ್ತಿತ್ತು. ಟೀ ಅಂಗಡಿಯಲ್ಲಿ? ಕಪ್ಪು ಬಟ್ಟೆ ನೋಡಿದ ಕೂಡಲೇ ಅಂಗಡಿಯವನು 'ಸ್ವಾಮಿ, ಬನ್ನಿ' ಎಂದು ಹಾಲು ಕೊಡುತ್ತಾನೆ, ಸಿಗರೇಟು ಮುಂದೆ ಇಡುವುದಿಲ್ಲ. ಪಕ್ಕದ ಮಳಿಗೆಯವರು? ಅವರೂ ದೂರ ಹೋಗಿ ಸೇದುತ್ತಾರೆ. ಸಂಜೆ? ಗುರುಸ್ವಾಮಿಯ ಮನೆಯಲ್ಲಿ ಭಜನೆ, ಜೊತೆಗೆ ಇಪ್ಪತ್ತು ಮೂವತ್ತು ಜನ ಸ್ವಾಮಿಗಳು. ಸೇದಬೇಕು ಎನಿಸಿದಾಗ? 'ಗುರುಸ್ವಾಮಿಗೆ ಹೇಳುತ್ತಿದ್ದೆ. ಶರಣು ಹೇಳು, ಹೋಗುತ್ತದೆ ಎನ್ನುತ್ತಿದ್ದರು. ಹೋಗುತ್ತಿತ್ತು.' ಮೊದಲ ದಿನಗಳು ಹೇಗಿರುತ್ತಿದ್ದವು ಎಂದು ಕೇಳಿದೆ. 'ಮೂರು ದಿನ ತಲೆ ಸಿಡಿಯುತ್ತಿತ್ತು ಮೇಡಂ. ಆಮೇಲೆ ಒಂದೊಂದು ದಿನವೂ ಹಗುರ.'

ಕೇಳುಗರೇ, ಗಮನಿಸಿ. ವ್ರತ ಮುಗಿಯುವ ಹೊತ್ತಿಗೆ ಅವರ ದೇಹದಲ್ಲಿ ನಿಕೋಟಿನ್‌ನ ಲವಲೇಶವೂ ಇರುತ್ತಿರಲಿಲ್ಲ. ಚಡಪಡಿಕೆಯೂ ಮುಗಿದಿರುತ್ತಿತ್ತು. ಕಷ್ಟದ ಭಾಗವನ್ನು ಈ ಮನುಷ್ಯ ಪ್ರತಿ ವರ್ಷ ದಾಟುತ್ತಿದ್ದರು! ಮಾಲೆ ತೆಗೆದಾಗ ಹೋಗುತ್ತಿದ್ದದ್ದು ಮನೋಬಲವಲ್ಲ, ಜೊತೆಗಿದ್ದ ಜನ. ಗುರುಸ್ವಾಮಿ ಇಲ್ಲ, ಭಜನೆ ಇಲ್ಲ, 'ಸ್ವಾಮಿ' ಎನ್ನುವವರಿಲ್ಲ, ಟೀ ಅಂಗಡಿಯವನು ಹಳೆಯ ಲೆಕ್ಕದಲ್ಲಿ ಸಿಗರೇಟು ಕೈಗೆ ಕೊಡುತ್ತಾನೆ. ಇದನ್ನು ಅವರಿಗೂ ಅವರ ಹೆಂಡತಿಗೂ ಬಿಡಿಸಿ ಹೇಳಿದೆ. ಆಕೆ ಬಹಳ ಹೊತ್ತು ಗಂಡನ ಮುಖವನ್ನೇ ನೋಡುತ್ತಿದ್ದರು.

ನಡುವೆ ಒಮ್ಮೆ ಮಗ ಔಷಧದಂಗಡಿಯಿಂದ ನಿಕೋಟಿನ್ ಗಮ್ ತಂದುಕೊಟ್ಟಿದ್ದನಂತೆ. ಇವರು ಬಿಸಿ ಟೀ ಕುಡಿಯುತ್ತಾ ಅದನ್ನು ಬಬಲ್ ಗಮ್ ಹಾಗೆ ಜಗಿದರು. ಬಿಕ್ಕಳಿಕೆ ಬಂತು, ಎದೆ ಉರಿಯಿತು, ಸೇದಬೇಕೆಂಬ ಆಸೆ ಹಾಗೆಯೇ ಉಳಿಯಿತು. ಮೂರನೆಯ ದಿನ ಡಬ್ಬಿ ಕಸಕ್ಕೆ. 'ಔಷಧ ಕೆಲಸ ಮಾಡುವುದಿಲ್ಲ ಮೇಡಂ' ಎಂದರು. ಈ ಮಾತು ಕೇಳಿ ಕೇಳಿ ನನಗೆ ಬೇಸರವಾಗಿದೆ, ಆದ್ದರಿಂದ ಇವತ್ತು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ. ನಿಕೋಟಿನ್ ಗಮ್ ಜಗಿದು ನುಂಗುವ ವಸ್ತುವಲ್ಲ. ನಿಧಾನವಾಗಿ ನಾಲ್ಕೈದು ಸಲ ಜಗಿಯಿರಿ. ನಾಲಿಗೆಗೆ ಚುರುಚುರು ಎನ್ನುವ ಖಾರದ ರುಚಿ ಬರುತ್ತದೆ. ಬಂದ ಕೂಡಲೇ ನಿಲ್ಲಿಸಿ, ಗಮ್ ಅನ್ನು ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ರುಚಿ ಇಳಿದ ಮೇಲೆ ಮತ್ತೆ ಸ್ವಲ್ಪ ಜಗಿಯಿರಿ, ಇನ್ನೊಂದು ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಔಷಧ ಬಾಯಿಯ ಒಳಪೊರೆಯಿಂದ ರಕ್ತಕ್ಕೆ ಸೇರಬೇಕು. ನುಂಗಿದರೆ ಹೊಟ್ಟೆಗೆ ಹೋಗಿ ಉರಿ, ಬಿಕ್ಕಳಿಕೆ ಅಷ್ಟೇ. ಗಮ್ ಬಾಯಿಗೆ ಹಾಕುವ ಕಾಲು ಗಂಟೆ ಮೊದಲು, ಬಾಯಲ್ಲಿ ಇರುವಾಗ, ಟೀ, ಕಾಫಿ, ಹಣ್ಣಿನ ರಸ ಬೇಡ. ಅವುಗಳ ಹುಳಿ ಅಂಶ ನಿಕೋಟಿನ್ ರಕ್ತಕ್ಕೆ ಹೋಗದಂತೆ ತಡೆಯುತ್ತದೆ. ಈ ಎರಡು ವಾಕ್ಯವನ್ನು ಯಾರಾದರೂ ಅವರಿಗೆ ಮೊದಲೇ ಹೇಳಿದ್ದರೆ ಆ ಡಬ್ಬಿ ಕಸಕ್ಕೆ ಹೋಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ಗಮ್ ಅನ್ನು ಕೂಡ ಒಬ್ಬರೇ ತೆಗೆದುಕೊಳ್ಳಲು ಹೋಗಬೇಡಿ.

'ಗಮ್‌ನಲ್ಲೂ ನಿಕೋಟಿನ್ ಇದೆಯಲ್ಲ, ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸುತ್ತೀರಾ' ಎಂದು ಕೇಳುತ್ತಾರೆ. ಕ್ಯಾನ್ಸರ್ ತರುವುದು, ಶ್ವಾಸಕೋಶ ಹಾಳು ಮಾಡುವುದು ಹೊಗೆ. ಅದರಲ್ಲಿ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ, ಸಾವಿರಾರು ರಾಸಾಯನಿಕಗಳಿವೆ. ಗಮ್‌ನಲ್ಲಿ ಅವು ಯಾವುವೂ ಇಲ್ಲ. ಮೆದುಳಿಗೆ ಸ್ವಲ್ಪ ನಿಕೋಟಿನ್ ಕೊಟ್ಟು, ವಾರದಿಂದ ವಾರಕ್ಕೆ ಇಳಿಸುತ್ತಾ, ಸುಮಾರು ಮೂರು ತಿಂಗಳಲ್ಲಿ ನಿಲ್ಲಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಹೂವಿನ ವ್ಯಾಪಾರಿಗೆ ನಾವು ಎರಡು ಬಗೆಯ ನಿಕೋಟಿನ್ ಕೊಟ್ಟೆವು. ದಿನವಿಡೀ ಒಂದೇ ಸಮ ಇರಲಿ ಎಂದು ಚರ್ಮಕ್ಕೆ ಅಂಟಿಸುವ ಪಟ್ಟಿ, 21 ಮಿಲಿಗ್ರಾಂನಿಂದ ಶುರು, ಆಮೇಲೆ 14, ಆಮೇಲೆ 7. ಮಧ್ಯೆ ಆಸೆ ಉಕ್ಕಿದಾಗ ಗಮ್. ಬಿಡುವ ದಿನವನ್ನು ಅವರೇ ಗೊತ್ತು ಮಾಡಿದರು. ಮಾಲೆಯ ತಿಂಗಳು ಬೇಡ, ಸಾಮಾನ್ಯ ತಿಂಗಳಲ್ಲೇ ಆಗಲಿ ಎಂದು ನಾನು ಹಟ ಹಿಡಿದೆ. ಟೀ ಅಂಗಡಿಯವನಿಗೂ ಅಕ್ಕಪಕ್ಕದ ಮಳಿಗೆಯವರಿಗೂ ಅವರೇ ಹೋಗಿ ಹೇಳಿ ಬಂದರು. ಎದ್ದ ಕೂಡಲೇ ಸ್ನಾನ ಎಂಬ ವ್ರತದ ಕ್ರಮವನ್ನು ವರ್ಷಪೂರ್ತಿ ಇಟ್ಟುಕೊಂಡರು. ಟೀಯನ್ನು ಅರ್ಧಕ್ಕೆ ಇಳಿಸಲು ಹೇಳಿದೆ. ಇದು ಬಹಳ ಜನರಿಗೆ ತಿಳಿಯದ ವಿಷಯ: ಸೇದುವವರ ಯಕೃತ್ತು ಕೆಫೀನ್ ಅನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತಾಗ ಆ ವೇಗವೂ ಇಳಿಯುತ್ತದೆ. ಅದೇ ನಾಲ್ಕು ಲೋಟ ಕಾಫಿ ಕುಡಿದರೆ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟಾಗುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಸಿಗರೇಟು ಬಿಟ್ಟದ್ದೇ ಇದಕ್ಕೆ ಕಾರಣ ಎಂದುಕೊಂಡು ಮತ್ತೆ ಸೇದುತ್ತಾರೆ. ಬೈಟು ಕಾಫಿಯ ಊರಿನಲ್ಲಿ ಇದನ್ನು ಹೇಳಲೇಬೇಕು. ಬಿಟ್ಟ ಮೊದಲ ವಾರಗಳಲ್ಲಿ ಕಾಫಿ, ಟೀ ಅರ್ಧ ಮಾಡಿ.

ಎರಡು ತಿಂಗಳ ನಂತರ, ಹಬ್ಬ ಮುಗಿದು ಹೂವಿನ ಬೆಲೆ ನೆಲಕಚ್ಚಿದ ದಿನ, ಮೂಟೆ ಮೂಟೆ ಸೇವಂತಿಗೆಯನ್ನು ರಸ್ತೆಗೆ ಸುರಿದು, ಅವರು ಒಂದು ಸಿಗರೇಟು ಸೇದಿದರು. ನಮ್ಮ ಆಪ್ತಸಮಾಲೋಚಕಿಗೆ ಅವತ್ತೇ ಫೋನ್ ಮಾಡಿದರು. ಆಕೆ ಬೈಯಲಿಲ್ಲ. ಪ್ಯಾಕ್ ಎಲ್ಲಿದೆ ಎಂದು ಕೇಳಿದರು. ಜೇಬಿನಲ್ಲಿದೆ ಎಂದರು. ಅದನ್ನು ಈಗಲೇ ಬಿಸಾಡಿ, ಗಮ್ ಬಾಯಿಗೆ ಹಾಕಿ, ಸಂಜೆ ನಾನೇ ಫೋನ್ ಮಾಡುತ್ತೇನೆ ಎಂದರು. ಒಂದು ಸಿಗರೇಟು ಒಂದಕ್ಕೇ ನಿಂತಿತು. ಒಬ್ಬರೇ ಇದ್ದಿದ್ದರೆ ಆ ದಿನ ಪ್ಯಾಕ್ ಖಾಲಿಯಾಗುತ್ತಿತ್ತು. ಈಗ ಎರಡು ದೀಪಾವಳಿ ಕಳೆದಿವೆ, ಅವರು ಸೇದಿಲ್ಲ.

ನನಗೆ ಕೊಟ್ಟ ಸಮಯ ಇನ್ನು ಸ್ವಲ್ಪವೇ ಉಳಿದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗಮ್, ಪಟ್ಟಿ ಒಗ್ಗದವರಿಗೆ ಮಾತ್ರೆಗಳಿವೆ. ವರೆನಿಕ್ಲಿನ್, ಬ್ಯುಪ್ರೊಪಿಯಾನ್ ಎಂದು ಅವುಗಳ ಹೆಸರು. ವೈದ್ಯರ ಚೀಟಿ ಬೇಕೇ ಬೇಕು. ಸೇದುವುದನ್ನು ನಿಲ್ಲಿಸುವ ಒಂದೆರಡು ವಾರ ಮೊದಲೇ ಶುರುಮಾಡಬೇಕು. ಮೂರ್ಛೆ ರೋಗ ಇರುವವರಿಗೆ ಬ್ಯುಪ್ರೊಪಿಯಾನ್ ಆಗುವುದಿಲ್ಲ. ಬಸುರಿಯರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಏನನ್ನೂ ತೆಗೆದುಕೊಳ್ಳಬಾರದು. ಇ-ಸಿಗರೇಟು ಚಿಕಿತ್ಸೆ ಅಲ್ಲ. ನಮ್ಮ ದೇಶದಲ್ಲಿ ಅದರ ಮಾರಾಟಕ್ಕೆ 2019ರಿಂದ ನಿಷೇಧವಿದೆ. ಸಿಗರೇಟು ಬಿಟ್ಟು ಬೀಡಿಗೆ ಇಳಿದೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಬೀಡಿ ಎಳ್ಳಷ್ಟೂ ಕಡಿಮೆಯದಲ್ಲ. ತೂಕ ಸ್ವಲ್ಪ ಏರಬಹುದು, ಅದನ್ನು ಆಮೇಲೆ ನೋಡಿಕೊಳ್ಳೋಣ. ಆಸೆಯ ಒಂದು ಅಲೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ನೀರು ಕುಡಿಯಿರಿ, ಜಾಗ ಬಿಟ್ಟು ಎದ್ದು ನಡೆಯಿರಿ, ಯಾರಿಗಾದರೂ ಫೋನ್ ಮಾಡಿ. ಬಿಟ್ಟು ಒಂದು ವರ್ಷವಾದರೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐವತ್ತು ದಾಟಿದೆ, ಇನ್ನೇನು ಪ್ರಯೋಜನ ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್, ಕಿದ್ವಾಯಿ ಎರಡರಲ್ಲೂ ತಂಬಾಕು ಬಿಡಿಸುವ ಚಿಕಿತ್ಸಾಲಯಗಳಿವೆ. ಜಿಲ್ಲೆಗಳಲ್ಲೂ ತಂಬಾಕು ವ್ಯಸನ ಮುಕ್ತ ಕೇಂದ್ರಗಳಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಷ್ಟು ದೂರ ಹೋಗಲು ಆಗದಿದ್ದರೆ ಫೋನ್ ಇದೆ. ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. 1800 11 2356. ಮತ್ತೆ ಹೇಳುತ್ತೇನೆ, ಒಂದು ಎಂಟು ಸೊನ್ನೆ ಸೊನ್ನೆ, ಒಂದು ಒಂದು, ಎರಡು ಮೂರು ಐದು ಆರು. ಕರೆಗೆ ದುಡ್ಡಿಲ್ಲ. ಬರೆದುಕೊಳ್ಳಲು ಆಗದಿದ್ದರೆ ಚಿಂತೆ ಇಲ್ಲ, ಸಿಗರೇಟು ಪ್ಯಾಕಿನ ಮೇಲೆಯೇ ಇದೇ ಸಂಖ್ಯೆ ಅಚ್ಚಾಗಿದೆ. 2018ರಿಂದ ನಿಮ್ಹಾನ್ಸ್‌ನಲ್ಲೂ ಈ ಸಹಾಯವಾಣಿಯ ಕೇಂದ್ರವಿದೆ, ಕನ್ನಡದಲ್ಲೇ ಮಾತನಾಡಬಹುದು. ಎಷ್ಟು ಸೇದುತ್ತೀರಿ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಹಿಂದೆ ಬಿಟ್ಟಿದ್ದಿರಾ ಎಂದು ಕೇಳುತ್ತಾರೆ. ಬಿಡುವ ದಿನ ಗೊತ್ತು ಮಾಡಲು ನೆರವಾಗುತ್ತಾರೆ. ಆ ದಿನದ ನಂತರ ಅವರೇ ನಿಮಗೆ ತಿರುಗಿ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಆ ಕರೆ ಬಂದಾಗ ಎತ್ತಿ ಮಾತನಾಡಿ, ಮಧ್ಯೆ ಒಂದು ಸೇದಿದ್ದರೂ ಮುಚ್ಚಿಡದೆ ಹೇಳಿ. ಮನೆಯವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ನಮಸ್ಕಾರ.