ಬರೀ ರೋಬಸ್ಟಾ ಅಲ್ಲ: ಟ್ರಿಯೆಸ್ತೆಯಲ್ಲಿ ಒಂದು ಬೇಸಿಗೆ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಟ್ರಿಯೆಸ್ತೆ. ಇಟಲಿಯ ಈಶಾನ್ಯ ತುದಿಯಲ್ಲಿ, ಸ್ಲೊವೇನಿಯಾ ಗಡಿಗೆ ಅಂಟಿಕೊಂಡಿರೋ ಬಂದರು. ಇಟಲಿ ಅಂದ ಕೂಡಲೇ ನಮ್ಮವರಿಗೆ ರೋಮ್, ವೆನಿಸ್ ನೆನಪಾಗುತ್ತೆ. ನಾನು ಟ್ರಿಯೆಸ್ತೆಗೆ ಹೊರಟಿದ್ದೀನಿ ಅಂದಾಗ ನಮ್ಮ ಬೀದಿಯಲ್ಲಿ ಆ ಹೆಸರು ಕೇಳಿದ್ದವರು ಒಬ್ಬರೇ, ನಮ್ಮಮ್ಮ. ಅವರು ಚಿಕ್ಕಮಗಳೂರಲ್ಲಿ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದ್ರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ದರ್ಜೆ ಮಾಡೋ ಕಡೆ, ಕಾಫಿ ಕಾಳು ಆರಿಸ್ತಾರೆ. "ಮೂಟೆ ಮೇಲೆ ಬರೆದಿರ್ತಾರಲ್ಲ, ಅದೇ ಊರಾ?" ಅಂದ್ರು. ಹೂಂ, ಅದೇ. ನಮ್ಮ ದೇಶದ ಕಾಫಿಯನ್ನ ಅತಿ ಹೆಚ್ಚು ಕೊಳ್ಳೋದು ಇಟಲಿ. ಅಲ್ಲಿಗೆ ಕಾಫಿ ಬಂದಿಳಿಯೋ ಮುಖ್ಯ ಬಂದರುಗಳಲ್ಲಿ ಇದೂ ಒಂದು.

ನಾನು ಹೋಗಿದ್ದು ಬೇಸಿಗೆ ಎಕ್ಸ್‌ಚೇಂಜ್‌ಗೆ. ಆಹಾರ ತಂತ್ರಜ್ಞಾನ ಓದೋರಿಗೆ ಅಂತ ಇಟ್ಟಿದ್ದ ಚಿಕ್ಕ ಕೋರ್ಸ್. ಬೇಸಿಗೆ ಅಂದ್ರೆ ಅವರ ಬೇಸಿಗೆ ಸ್ವಾಮಿ, ನಮಗದು ಮಳೆಗಾಲ. ನಾನು ಹೊರಡೋ ಹೊತ್ತಿಗೆ ಮಲೆನಾಡಲ್ಲಿ ಮುಂಗಾರು ಕೂತಾಗಿತ್ತು, ತೋಟಗಳಲ್ಲಿ ಕಾಯಿ ಉದುರೋ ಚಿಂತೆ ಶುರುವಾಗಿತ್ತು. ಅಲ್ಲಿ ನೋಡಿದ್ರೆ ರಾತ್ರಿ ಒಂಬತ್ತಕ್ಕೆ ಸೂರ್ಯ ಮುಳುಗೋದು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ರೆ ಆ ಕಡೆ ಶೀಟಿನ ಮೇಲೆ ಮಳೆ ಬಡಿಯೋ ಸದ್ದು, ಕರೆಂಟಿಲ್ಲ, ಮುಖದ ಮೇಲೆ ಟಾರ್ಚು. ಈ ಕಡೆ ನಾನು ಸನ್‌ಸ್ಕ್ರೀನ್ ಬಳ್ಕೊಂಡು ಕೂತಿದ್ದೀನಿ.

ವೀಸಾ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕಡಿಮೆ ಅವಧಿಯ ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ವೆನಿಸ್‌ಗೆ ವಿಮಾನ, ಅಲ್ಲಿಂದ ಸುಮಾರು ಎರಡು ಗಂಟೆ ರೈಲು. ಒಂದೇ ಸಲಹೆ: ಹೋಗುವಾಗ ಬಲಗಡೆ ಕಿಟಕಿ ಹಿಡೀರಿ. ಮೊನ್‌ಫಾಲ್ಕೋನೆ ದಾಟಿದ ಮೇಲೆ ಬೆಟ್ಟದ ಅಂಚಲ್ಲಿ ರೈಲು, ಕೆಳಗೆ ಏಡ್ರಿಯಾಟಿಕ್ ಸಮುದ್ರ. ಈ ಶಾಟ್ ಅಲ್ಲಿಂದಲೇ.

ಇದು ಪಿಯಾತ್ಸಾ ಉನಿತಾ, ಊರಿನ ಮುಖ್ಯ ಚೌಕ. ಮೂರು ಕಡೆ ಅರಮನೆಯಂಥ ಕಟ್ಟಡ, ನಾಲ್ಕನೇ ಕಡೆ ಬಯಲು, ನೇರ ಸಮುದ್ರ. ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಆರನೇ ಚಾರ್ಲ್ಸ್ 1719ರಲ್ಲಿ ಟ್ರಿಯೆಸ್ತೆಯನ್ನ ಮುಕ್ತ ಬಂದರು ಅಂತ ಘೋಷಿಸಿದ. ರಾಜಧಾನಿ ವಿಯೆನ್ನಾಕ್ಕೆ ಬೇಕಾದ ಕಾಫಿ ಇಲ್ಲಿಳಿದು ಒಳನಾಡಿಗೆ ಹೋಗ್ತಿತ್ತು. ಮೊದಲ ಮಹಾಯುದ್ಧ ಮುಗಿಯೋವರೆಗೂ ಇದು ಆಸ್ಟ್ರಿಯಾದ ಊರು. ಅದಕ್ಕೇ ಇಲ್ಲಿನ ಕೆಫೆಗಳೂ ವಿಯೆನ್ನಾದ ಗತ್ತಿನವು: ತೊಮ್ಮಾಸೆಯೋ 1830ರದ್ದು, ಸಾನ್ ಮಾರ್ಕೋ 1914ರದ್ದು. ಸಾನ್ ಮಾರ್ಕೋ ಒಳಗೇ ಪುಸ್ತಕದಂಗಡಿ ಇದೆ. ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಕೂತ್ರೂ ನನ್ನನ್ನ ಯಾರೂ ಎಬ್ಬಿಸಲಿಲ್ಲ. ನಮ್ಮ ಎಂ.ಜಿ. ರಸ್ತೆಯ ಹೋಟೆಲ್‌ಗಳಲ್ಲಿ ಕೂತು ನೋಡಿ, ಲೋಟ ಕೆಳಗಿಡೋ ಮೊದಲೇ ಟೇಬಲ್ ಒರೆಸೋಕೆ ಬರ್ತಾರೆ!

ಈಗ ನಾನು ಈ ವಿಡಿಯೋ ಮಾಡೋಕೆ ಕಾರಣವಾದ ಕ್ಲಾಸಿಗೆ ಬರ್ತೀನಿ.

ಲ್ಯಾಬ್‌ನಲ್ಲಿ ಕಪ್ಪಿಂಗ್, ಅಂದ್ರೆ ಕಾಫಿ ರುಚಿ ನೋಡಿ ಅಳೆಯೋದು. ಸಾಲಾಗಿ ಬಟ್ಟಲು, ಚಮಚದಲ್ಲಿ ತೆಗೆದು ಜೋರಾಗಿ ಸೊರ್ರಂತ ಹೀರಬೇಕು. ಮನೇಲಿ ಹಾಗೆ ಕುಡಿದ್ರೆ ಅಜ್ಜಿ ಬೈತಿದ್ರು, ಇಲ್ಲಿ ಸದ್ದು ಬರದಿದ್ರೆ ಮೇಷ್ಟ್ರು ಬೈತಾರೆ. ಆಮೇಲೆ ಅವರು ಎರಡು ಎಸ್ಪ್ರೆಸೋ ಇಳಿಸಿದ್ರು. ಎರಡಕ್ಕೂ ಒಂದೇ ತೂಕದ ಪುಡಿ, ಒಂದೇ ಒತ್ತಡ. ಒಂದು ಅಪ್ಪಟ ಅರೇಬಿಕಾ. ಘಮ ಚೆನ್ನಾಗಿತ್ತು, ಹುಳಿ ತೆಳುವಾಗಿತ್ತು, ಮೇಲಿನ ನೊರೆ ಮಾತ್ರ ನೋಡ್ತಾ ನೋಡ್ತಾ ಒಡೀತು. ಇನ್ನೊಂದರಲ್ಲಿ ನೊರೆ ಗಟ್ಟಿ, ಹೇಝೆಲ್‌ನಟ್ ಬಣ್ಣ. ಸಕ್ಕರೆ ಹಾಕಿದ್ರೆ ಅದು ನೊರೆ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಇಳೀತು. "ಇದರಲ್ಲಿ ಏನು ಸೇರಿಸಿದೆ?" ಅಂತ ಮೇಷ್ಟ್ರು ಕೇಳಿದ್ರು. ಯಾರಿಗೂ ಗೊತ್ತಾಗಲಿಲ್ಲ. ಅವರು ಎತ್ತಿ ತೋರಿಸಿದ ಚೀಲದ ಮೇಲಿತ್ತು: ಇಂಡಿಯಾ, ರೋಬಸ್ಟಾ ಪಾರ್ಚ್‌ಮೆಂಟ್. ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ರೋಬಸ್ಟಾ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ಒಂದು, ರೋಬಸ್ಟಾ ಇನ್ನೊಂದು.

ನಮ್ಮೂರಲ್ಲಿ ರೋಬಸ್ಟಾಕ್ಕೆ ಎಷ್ಟು ಮರ್ಯಾದೆ ಅಂತ ನಿಮಗೆ ಗೊತ್ತು. ಗಿರಿ ಕಡೆ ಅರೇಬಿಕಾ ತೋಟ ಇರೋರು ಎದೆಯುಬ್ಬಿಸಿ ಹೇಳ್ಕೋತಾರೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆಯೂ ಅವರದ್ದೇ. ರೋಬಸ್ಟಾದವರನ್ನ ಕೇಳಿದ್ರೆ "ನಮ್ದು ಬರೀ ರೋಬಸ್ಟಾ" ಅಂತ ದನಿ ಇಳಿಸ್ತಾರೆ. ರೇಟು ಏರಿದಾಗ ಮಾತ್ರ ಆ "ಬರೀ" ಬಿದ್ದುಹೋಗುತ್ತೆ, ಅದು ಬೇರೆ ವಿಷಯ. ಆದರೆ ಅರೇಬಿಕಾಗಿಂತ ರೋಬಸ್ಟಾದಲ್ಲಿ ಎಣ್ಣೆಯಂಶ ಕಡಿಮೆ, ಅದಕ್ಕೇ ಅದರ ನೊರೆ ಬೇಗ ಒಡೆಯಲ್ಲ. ಕೆಫೀನ್ ಸುಮಾರು ಎರಡರಷ್ಟು. ಇದೇ ಊರಲ್ಲಿ 1933ರಲ್ಲಿ ಶುರುವಾದ 'ಇಲ್ಲಿ' (illy) ಅನ್ನೋ ಹೆಸರಿನ ಕಾಫಿ ಕಂಪನಿ ಬರೀ ಅರೇಬಿಕಾ ಮಾರುತ್ತೆ, ನಿಜ. ಆದರೆ ಇಟಲಿಯ ಎಷ್ಟೋ ಬಾರ್‌ಗಳ ಎಸ್ಪ್ರೆಸೋ ಮಿಶ್ರಣಕ್ಕೆ ರೋಬಸ್ಟಾ ಬೇಕೇ ಬೇಕು. ಅದರಲ್ಲೂ ಪಲ್ಪ್ ಮಾಡಿ, ತೊಳೆದು, ಒಣಗಿಸಿದ ನಮ್ಮ ರೋಬಸ್ಟಾ ಅಂದ್ರೆ ಅಲ್ಲಿ ಹೆಸರಿದೆ.

ಹಾಗಾದ್ರೆ ನಮ್ಮವರು ಹೆಚ್ಚಿನ ರೋಬಸ್ಟಾವನ್ನ ಹಣ್ಣು ಸಮೇತ ಒಣಗಿಸಿ ಚೆರಿ ಮಾಡಿ ಯಾಕೆ ಮಾರ್ತಾರೆ? ಕ್ಲಾಸಲ್ಲಿ ಒಬ್ಬಳು ಸ್ಲೊವೇನಿಯಾ ಹುಡುಗಿ ಇದನ್ನೇ ಕೇಳಿದ್ಲು. ನಾನು ಹೇಳಿದೆ: ರೋಬಸ್ಟಾ ಹಣ್ಣಿನ ಲೋಳೆ ದಪ್ಪ, ತೊಳೆಯೋಕೆ ನೀರು ಬೇಕು, ಆ ನೀರನ್ನ ಹಳ್ಳಕ್ಕೆ ಬಿಡೋ ಹಾಗಿಲ್ಲ. ಕೊಯ್ಲಿನ ಹೊತ್ತಲ್ಲಿ ಆಳು ಸಿಗಲ್ಲ, ಎರಡೆಕರೆಯವನು ಪಲ್ಪರ್ ಎಲ್ಲಿಂದ ತರ್ತಾನೆ. ಅವಳು ತಲೆಯಾಡಿಸಿದ್ಲು. ಆಮೇಲೆ ಕಾಫಿ ಹೂವಿನ ವಿಡಿಯೋ ತೋರಿಸಿದೆ: ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕಾಫಿಯಲ್ಲೇ ಬದುಕೋ ಆ ಊರಲ್ಲಿ ಮೇಷ್ಟ್ರು ಕೂಡ ಕಾಫಿ ಹೂವನ್ನ ಕಣ್ಣಾರೆ ಕಂಡವರಲ್ಲ. ಮರದ ನೆರಳಲ್ಲಿ ಕಾಫಿ ಬೆಳೆಯುತ್ತೆ ಅನ್ನೋದೇ ಅರ್ಧ ಕ್ಲಾಸಿಗೆ ಹೊಸ ಸುದ್ದಿ.

ಇನ್ನೊಂದು ದಿನ ಹಸಿ ಕಾಳಲ್ಲಿ ದೋಷ ಹುಡುಕೋ ಪಾಠ. ಕಪ್ಪು ಕಾಳು, ಒಡೆದದ್ದು, ಹುಳ ಕೊರೆದದ್ದು. ಎಲ್ಲರೂ ಚಾರ್ಟ್ ನೋಡ್ತಿದ್ರೆ ನನ್ನ ಕೈ ತಾನಾಗಿ ಓಡ್ತಿತ್ತು. ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು ಆಡಿದ ಆಟ ಅದು. ಮೇಷ್ಟ್ರು ಬಣ್ಣ ನೋಡಿ ಕಾಳು ಬೇರ್ಪಡಿಸೋ ಯಂತ್ರದ ವಿಡಿಯೋ ಹಾಕಿ, ಈಗ ಈ ಕೆಲಸಕ್ಕೆ ಮನುಷ್ಯರೇ ಬೇಡ ಅಂದ್ರು. ಅಂಥ ಯಂತ್ರ ಅಮ್ಮನ ಕೆಲಸದ ಜಾಗಕ್ಕೂ ಬಂದಿದೆ. ಮೊದಲು ಹಾಲ್ ತುಂಬ ಹೆಂಗಸರು ಕೂರ್ತಿದ್ರು, ಈಗ ಯಂತ್ರ ಬಿಟ್ಟದ್ದನ್ನ ನೋಡೋಕೆ ಒಂದಿಷ್ಟು ಜನ. ಇದನ್ನೂ ಕ್ಲಾಸಲ್ಲಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ, ಪಾಠ ಮುಂದುವರೀತು.

ಬಿಡಿ, ಊರು ಸುತ್ತೋಣ. ಇದು ಮಿರಮಾರೆ ಕೋಟೆ. ಅಬ್ದುಸ್ ಸಲಾಂ 1964ರಲ್ಲಿ ಸ್ಥಾಪಿಸಿದ ಭೌತವಿಜ್ಞಾನ ಕೇಂದ್ರ ಇಲ್ಲೇ ಹತ್ತಿರ, ಹಾಗಾಗಿ ಬಸ್ಸಲ್ಲಿ ಹಿಂದಿ, ಬಂಗಾಳಿ ಕಿವಿಗೆ ಬೀಳುತ್ತೆ. ಕನ್ನಡ ಬೀಳಲಿಲ್ಲ. ಇನ್ನು ಪೆದೊಚಿನ್ ಅನ್ನೋ ಬೀಚ್, ಅದರ ಮಧ್ಯ ಗೋಡೆ! ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಮಕ್ಕಳು. ಗೋಡೆ ಕೆಡವೋದು ಹೆಂಗಸರಿಗೇ ಬೇಕಿಲ್ಲ ಅಂತ ನನ್ನ ರೂಮ್‌ಮೇಟ್ ಹೇಳಿದ್ಲು. ನಾನು ಕಳಿಸಿದ ಫೋಟೋಗಳಲ್ಲಿ ಅಜ್ಜಿಗೆ ಮೆಚ್ಚುಗೆಯಾಗಿದ್ದು ಇದೊಂದೇ.

ಬೋರಾ ಗಾಳಿ ಬಗ್ಗೆ ಅಲ್ಲಿನವರಿಗೆ ಭಾರಿ ಹೆಮ್ಮೆ. ಚಳಿಗಾಲದಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬೀಸುತ್ತೆ, ಹಿಂದೆ ಜನ ಹಿಡಿದು ನಡೆಯೋಕೆ ಅಂತ ಬೀದಿಗೆ ಹಗ್ಗ ಕಟ್ತಿದ್ರಂತೆ. ನಾನು ಜುಲೈನ ಮುಳ್ಳಯ್ಯನಗಿರಿ ವಿಡಿಯೋ ತೋರಿಸಿದೆ, ಕೊಡೆ ಉಲ್ಟಾ ಆಗಿ ಹಾರಿಹೋಗೋದು. ಒಪ್ಪಿಕೊಂಡ್ರು.

ಊರ ಹಿಂದಿನ ಕಾರ್ಸ್ಟ್ ಅನ್ನೋ ಸುಣ್ಣಕಲ್ಲಿನ ಗುಡ್ಡದ ಹಳ್ಳಿಗಳಲ್ಲಿ ಓಸ್ಮಿತ್ಸಾ ಅಂತ ಇದೆ. ದ್ರಾಕ್ಷಿ ಬೆಳೆಯೋ ರೈತರು ವರ್ಷದ ಕೆಲವು ದಿನ ಮನೆ ಅಂಗಳದಲ್ಲೇ ತಮ್ಮ ವೈನು, ಚೀಸು, ಮೊಟ್ಟೆ ಮಾರ್ತಾರೆ. ದಾರಿ ತಿರುವಲ್ಲಿ ಸೊಪ್ಪಿನ ಕೊಂಬೆ ಕಟ್ಟಿದ್ರೆ ಅವತ್ತು ತೆರೆದಿದೆ ಅಂತ. ಎರಡನೇ ಜೋಸೆಫ್ ಚಕ್ರವರ್ತಿ 1784ರಲ್ಲಿ ಕೊಟ್ಟ ಅನುಮತಿ, ಇವತ್ತಿಗೂ ನಡೀತಿದೆ. ಬೆಳೆದವರೇ ಬಗ್ಗಿಸಿ ಕೊಡೋದು ನೋಡಿ ಹೊಟ್ಟೆ ಉರೀತು. ನಮ್ಮಲ್ಲಿ ಬೆಳಗ್ಗೆ ಎದ್ದು ಲಂಡನ್ ಮಾರುಕಟ್ಟೆಯ ಕಾಫಿ ರೇಟು ವಾಟ್ಸ್‌ಆ್ಯಪ್‌ನಲ್ಲಿ ನೋಡೋರೇ ಹೆಚ್ಚು. ತಮ್ಮ ತೋಟದ ಕಾಳನ್ನ ತಾವೇ ಹುರಿದು, ಅದೇ ಕಾಫಿ ಕುಡಿಯೋರು ಎಷ್ಟು ಜನ?

ವಾಪಸ್ ಬಂದ ಮೇಲೆ ಆಲ್ದೂರು ಕಡೆ ಗೆಳತಿಯ ತೋಟದಿಂದ ಒಂದಿಷ್ಟು ತೊಳೆದ ರೋಬಸ್ಟಾ ತಂದೆ. ಅಮ್ಮ ಆರಿಸಿಕೊಟ್ರು, ಬಾಣಲೆಯಲ್ಲಿ ಹುರಿದ್ವಿ, ಪ್ಲಾಂಟೇಶನ್ ಎ, ಅಂದ್ರೆ ತೊಳೆದ ಅರೇಬಿಕಾದ ಒಂದು ದರ್ಜೆ, ಅದರ ಜೊತೆ ಸೇರಿಸಿ ಚಿಕೋರಿ ಇಲ್ಲದೆ ಫಿಲ್ಟರ್‌ಗೆ ಹಾಕಿದ್ವಿ. ಅಮ್ಮ ಒಂದು ಗುಟುಕು ಕುಡಿದು, "ಚೆನ್ನಾಗಿದೆ, ಆದ್ರೆ ಚಿಕೋರಿ ಹಾಕು" ಅಂದ್ರು. ಯಾವುದಕ್ಕೆ ಎಷ್ಟು ಪಾಲು ಅನ್ನೋದು ಇನ್ನೂ ಕೂಡಿಬಂದಿಲ್ಲ. ನಿಮ್ಮ ಮನೆಯ ಅಳತೆ ಏನು ಅಂತ ಹೇಳಿ, ಅದನ್ನೂ ಹುರಿದು ನೋಡ್ತೀವಿ.