ಟಗರು ಹಿಂದೆ ಸರಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಟಗರು ಕಾಳಗ ನೋಡಿದ್ದೀರಲ್ವಾ? ಗುದ್ದುವ ಮುಂಚೆ ಟಗರು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ತಲೆ ತಗ್ಗಿಸುತ್ತದೆ. ಗುದ್ದು ಇನ್ನೂ ಬಿದ್ದಿರುವುದಿಲ್ಲ, ಸುತ್ತ ನಿಂತವರು ಆಗಲೇ ಉಸಿರು ಬಿಗಿಹಿಡಿದಿರುತ್ತಾರೆ. ಆನಿಮೇಷನ್ ಕೆಲಸದಲ್ಲಿ ಇದಕ್ಕೆ ಆಂಟಿಸಿಪೇಶನ್ ಅಂತಾರೆ. ನಾನು ‘ಅಣಿಯಾಗುವುದು’ ಅನ್ನುತ್ತೇನೆ. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಈ ಕಲೆಯ 12 ಸೂತ್ರಗಳನ್ನು ಬರೆದಿಟ್ಟರು. ಅದರಲ್ಲಿ ಇದು ಎರಡನೆಯದು.

ಸೂತ್ರ ಓದಿ ನನಗೆ ಅರ್ಥವಾಗಲಿಲ್ಲ, ಕೊಡದಿಂದ ಅರ್ಥವಾಯಿತು. ಒಬ್ಬ ಹೆಂಗಸು ತುಂಬಿದ ಕೊಡ ಎತ್ತುವ ದೃಶ್ಯ ಬರೆದಿದ್ದೆ. ಬಗ್ಗಿದಳು, ಎತ್ತಿದಳು, ಸೊಂಟಕ್ಕಿಟ್ಟಳು. ಗೆರೆ, ಬಣ್ಣ ಎಲ್ಲ ಚೆನ್ನಾಗಿತ್ತು. ಆದರೆ ಕೊಡ ಬೆಂಡಿನ ಹಾಗೆ ಮೇಲೆ ಬಂತು. ಎರಡು ದಿನ ಕೊಡವನ್ನೇ ತಿದ್ದುತ್ತಾ ಕೂತೆ.

ಮಾರನೇ ದಿನ ಹಾಸನದ ನಮ್ಮ ಬೀದಿಯ ನಲ್ಲಿ ಹತ್ತಿರ ಹೋಗಿ ನಿಂತೆ. ಪಕ್ಕದ ಮನೆ ಅಕ್ಕ ನೀರು ಹಿಡಿಯುತ್ತಿದ್ದರು. ಕೊಡ ತುಂಬಿತು. ತಕ್ಷಣ ಎತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೊಡವನ್ನೊಮ್ಮೆ ನೋಡಿದರು. ಕಾಲು ಅಗಲಿಸಿ, ಕಂಠ ಹಿಡಿದು, ಮಂಡಿ ಇನ್ನಷ್ಟು ಬಗ್ಗಿಸಿದರು. ಮೇಲೆ ಬರಬೇಕಾದ ಮೈ ಮೊದಲು ಕೆಳಕ್ಕೆ ಹೋಯಿತು! ಆಮೇಲೆ ‘ಹ್ಞೂಂ’ ಅಂತ ಒಂದೇ ದಮ್ಮಿಗೆ ಎತ್ತಿದರು.

ಮನೆಗೆ ಬಂದು ಎಂಟು ಚಿತ್ರ ಸೇರಿಸಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಅಂದರೆ ನಾನು ಸೇರಿಸಿದ್ದು ಒಂದು ಸೆಕೆಂಡೂ ಪೂರ್ತಿ ಇಲ್ಲ. ಅಷ್ಟಕ್ಕೇ ಕೊಡಕ್ಕೆ ಭಾರ ಬಂತು.

ಆ ಎಂಟರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೊಡದ ಕಡೆ ನೋಡಿದ ಆ ಒಂದು ನೋಟ. ಕಣ್ಣು ಮೊದಲು ಹೋಗಬೇಕು, ಆಮೇಲೆ ತಲೆ, ಆಮೇಲೆ ಕೈ. ಆಗ ಪಾತ್ರ ಮನಸ್ಸಿನಲ್ಲಿ ಏನೋ ಲೆಕ್ಕ ಹಾಕಿತು ಅನಿಸುತ್ತದೆ. ಇಲ್ಲದಿದ್ದರೆ ಯಾರೋ ದಾರ ಎಳೆದು ಆಡಿಸಿದ ಹಾಗೆ ಕಾಣುತ್ತದೆ.

ಹಾಗಂತ ಎಲ್ಲದಕ್ಕೂ ಇಷ್ಟು ಸಿದ್ಧತೆ ಬೇಡ. ಕಾಫಿ ಲೋಟ ಎತ್ತಲು ಬೆರಳು ಸ್ವಲ್ಪ ಬಿಡಿಸಿದರೆ ಸಾಕು. ಅಟ್ಟದಿಂದ ಬೆಕ್ಕು ದುಪ್ಪಂತ ಬಿದ್ದು ನೋಡುವವರು ಬೆಚ್ಚಬೇಕಾದರೆ, ಸುಳಿವನ್ನೇ ಕೊಡಬಾರದು.

ಬೇಲೂರಿಗೆ ಹೋದಾಗ ಬಿಲ್ಲು ಹಿಡಿದ ಬೇಟೆಗಾತಿ ಮದನಿಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು. ಕಲ್ಲು ಅಲುಗುವುದಿಲ್ಲ. ಆದರೂ ಬಾಣ ಈಗ ಬಿಟ್ಟಾಳು, ಈಗ ಬಿಟ್ಟಾಳು ಅಂತ ನಾನು ಪ್ರತಿ ಸಲ ಕಾಯುತ್ತಾ ನಿಲ್ಲುತ್ತೇನೆ.

ತಿದ್ದಿದ ದೃಶ್ಯವನ್ನು ಮೊಬೈಲ್‌ನಲ್ಲಿ ಪಕ್ಕದ ಮನೆ ಅಕ್ಕನಿಗೇ ತೋರಿಸಿದೆ. ಕೊಡದೊಳಗೆ ನೀರನ್ನು ನಾನು ಬರೆದಿರಲೇ ಇಲ್ಲ. ಅವರು ನೋಡಿ, “ಬಾಯಿಮಟ್ಟ ತುಂಬೈತಲ್ಲಪ್ಪಾ, ಚೆಲ್ಲಿಬಿಟ್ಟಾಳು” ಅಂದರು.

ನಮಸ್ಕಾರ.