ಮೊದಲು ಕಾಗದ, ಆಮೇಲೆ ಹಾಡು

ಕೇಳುಗರಿಗೆ ನಮಸ್ಕಾರ. ನೆರೆ ಬಂತು, ಗುಡ್ಡ ಕುಸಿಯಿತು ಅಂದ ಕೂಡಲೇ ನಮ್ಮ ಕಾಲೇಜು ಹುಡುಗ ಹುಡುಗಿಯರು ಗಿಟಾರ್ ಹಿಡಿದು ಕೂರುತ್ತಾರೆ. ಒಂದು ಹಾಡು ಮಾಡೋಣ, ಬಂದ ದುಡ್ಡನ್ನು ಸಂತ್ರಸ್ತರಿಗೆ ಕೊಡೋಣ ಅಂತ ಹೊರಡುತ್ತಾರೆ. ಮನಸ್ಸು ದೊಡ್ಡದು, ಸಂತೋಷ. ಅಂಥವರಿಗೆ ಇವತ್ತು ನಾನು ಹೇಳೋದು ಒಂದೇ ಮಾತು: ಮೊದಲು ಕಾಗದ, ಆಮೇಲೆ ಹಾಡು. ದುಡ್ಡು ಯಾವ ಸಂಸ್ಥೆಗೆ, ಯಾವ ಖಾತೆಗೆ, ಯಾರ ಸಹಿಯಲ್ಲಿ ಹೋಗುತ್ತದೆ ಅನ್ನುವುದು ತೀರ್ಮಾನ ಆಗುವ ತನಕ ಸ್ಟುಡಿಯೋ ಬಾಗಿಲು ತಟ್ಟಬೇಡಿ.

ಇದನ್ನು ಜಗತ್ತಿಗೆ ದುಬಾರಿಯಾಗಿ ಕಲಿಸಿದ ಹಾಡೊಂದಿದೆ. ಜಾರ್ಜ್ ಹ್ಯಾರಿಸನ್ 1971ರಲ್ಲಿ ಬರೆದ ‘ಬಾಂಗ್ಲಾ ದೇಶ್’. ಅವರು ಗಿಟಾರ್ ನುಡಿಸುತ್ತಿದ್ದ ಇಂಗ್ಲೆಂಡಿನ ಬೀಟಲ್ಸ್ ತಂಡ ಒಡೆದು ಆಗ ಒಂದು ವರ್ಷ ಆಗಿತ್ತು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಭೋಲಾ ಚಂಡಮಾರುತ ಅಪ್ಪಳಿಸಿತು. ಕಡಿಮೆ ಅಂದರೂ ಮೂರು ಲಕ್ಷ ಜನ ಸತ್ತರು. ಅದರ ಗಾಯ ಮಾಯುವ ಮುಂಚೆಯೇ 1971ರ ಮಾರ್ಚ್ 25ರಂದು ಪಾಕಿಸ್ತಾನದ ಸೇನೆ ಢಾಕಾದಲ್ಲಿ ದಮನಕ್ಕೆ ಇಳಿಯಿತು. ವರ್ಷ ಮುಗಿಯುವ ಹೊತ್ತಿಗೆ ಗಡಿ ದಾಟಿ ಭಾರತಕ್ಕೆ ಬಂದವರು ಒಂದು ಕೋಟಿಯ ಹತ್ತಿರ. ಶಿಬಿರಗಳಲ್ಲಿ ಕಾಲರಾ, ಮೇಲೆ ಮಳೆಗಾಲ.

ಪಂಡಿತ್ ರವಿಶಂಕರ್ ಆಗ ಲಾಸ್ ಏಂಜಲಿಸ್‌ನಲ್ಲಿದ್ದರು. ಅವರ ಮನೆತನದ ಬೇರು ಪೂರ್ವ ಬಂಗಾಳದ್ದು. ಒಂದು ಕಛೇರಿ ಇಟ್ಟು ಇಪ್ಪತ್ತೈದು ಸಾವಿರ ಡಾಲರ್ ಕೂಡಿಸಿದರೆ ಸಾಕು ಅನ್ನೋದು ಅವರ ಲೆಕ್ಕ. ಶಿಷ್ಯನೂ ಗೆಳೆಯನೂ ಆಗಿದ್ದ ಹ್ಯಾರಿಸನ್ ಹತ್ತಿರ ಹೇಳಿಕೊಂಡರು. ಹ್ಯಾರಿಸನ್ ಅದನ್ನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಮಟ್ಟಕ್ಕೆ ಒಯ್ದರು. ಆಗಸ್ಟ್ 1ಕ್ಕೆ ಜಾಗ ಸಿಕ್ಕಿತು. ಮಧ್ಯಾಹ್ನ ಒಂದು, ರಾತ್ರಿ ಒಂದು, ಒಟ್ಟು ಎರಡು ಪ್ರದರ್ಶನ, ನಲವತ್ತು ಸಾವಿರ ಜನ. ಸಿತಾರ್ ಶ್ರುತಿ ಮಾಡಿಕೊಂಡಾಗಲೇ ಜನ ಚಪ್ಪಾಳೆ ತಟ್ಟಿದ ಪ್ರಸಂಗ ನಿಮಗೆಲ್ಲ ಗೊತ್ತು, ಅದನ್ನು ಬಿಡೋಣ.

ಹಾಡಿನ ಕಟ್ಟೋಣ ನೋಡಿ, ಕಲಿಯೋಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಶುರುವಿನಲ್ಲಿ ತಾಳ ಇಲ್ಲ, ಆಲಾಪದ ಹಾಗೆ ನಿಧಾನ, ಪಿಯಾನೋ ಜೊತೆಗೆ ಒಂಟಿ ದನಿ. ಗೆಳೆಯನೊಬ್ಬ ಕಣ್ಣಲ್ಲಿ ದುಃಖ ತುಂಬಿಕೊಂಡು ನನ್ನ ಹತ್ತಿರ ಬಂದ ಅನ್ನುತ್ತದೆ. ಈ ಪೀಠಿಕೆ ಇರಲಿ ಅಂತ ಸಲಹೆ ಕೊಟ್ಟವರು ಪಿಯಾನೋ ನುಡಿಸಿದ ಲಿಯಾನ್ ರಸೆಲ್. ಆಮೇಲೆ ರಿಂಗೋ ಸ್ಟಾರ್ ಮತ್ತು ಜಿಮ್ ಕೆಲ್ಟ್ನರ್ ಅವರ ಡ್ರಮ್ ಒಟ್ಟಿಗೆ ಬೀಳುತ್ತದೆ, ಜಿಮ್ ಹಾರ್ನ್ ಅವರ ಸ್ಯಾಕ್ಸೋಫೋನ್ ಸೇರುತ್ತದೆ, ನಾಡಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಹೆಸರೇ ಅಂದಿನ ಅಮೆರಿಕನ್ನರಿಗೆ ಹೊಸದು, ನಕಾಶೆಯಲ್ಲಿ ಇದ್ದದ್ದು ಪೂರ್ವ ಪಾಕಿಸ್ತಾನ. ನಾಲ್ಕು ನಿಮಿಷದೊಳಗೆ ಮೂರು ಕೆಲಸ ಆಗುತ್ತದೆ: ಸಹಾಯ ಕೇಳಿದವರು ಯಾರು, ಊರು ಯಾವುದು, ನೀವೇನು ಮಾಡಬೇಕು. ನಮ್ಮ ಹಾಡುಗಳು ಎಡವುವುದು ಇಲ್ಲೇ. ಮಾನವೀಯತೆ, ಕಣ್ಣೀರು, ಭರವಸೆ ಅಂತ ಮೂರು ಚರಣ ಬರೆಯುತ್ತಾರೆ. ಮುಳುಗಿದ್ದು ಯಾವ ಊರು ಅಂತ ಹಾಡು ಮುಗಿದರೂ ಗೊತ್ತಾಗುವುದಿಲ್ಲ!

ಹಾಡಿನ ಡಿಸ್ಕ್ ಅಮೆರಿಕದಲ್ಲಿ ಜುಲೈ 28ಕ್ಕೆ ಅಂಗಡಿಗೆ ಬಂತು. ಕಾರ್ಯಕ್ರಮಕ್ಕೆ ನಾಲ್ಕು ದಿನ ಮುಂಚೆ. ಈ ಸಮಯದ ಲೆಕ್ಕಾಚಾರ ಸರಿ ಇತ್ತು. ಟಿಕೆಟ್ ದುಡ್ಡು, 2,43,418 ಡಾಲರ್ ಐವತ್ತು ಸೆಂಟ್, ಎರಡೇ ವಾರದೊಳಗೆ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯೂನಿಸೆಫ್ ಹೆಸರಿಗೆ ಹೋಯಿತು. ಇಲ್ಲಿಯವರೆಗೆ ಎಲ್ಲ ಸರಿ.

ತೊಡಕು ಶುರುವಾಗಿದ್ದು ಕಾರ್ಯಕ್ರಮವನ್ನು ಮುದ್ರಿಸಿದ ಮೂರು ಎಲ್‌ಪಿ ರೆಕಾರ್ಡುಗಳ ಪೆಟ್ಟಿಗೆಯಿಂದ, ದೊಡ್ಡ ದುಡ್ಡು ಇದ್ದದ್ದೂ ಅದರಲ್ಲೇ. ಅವತ್ತು ಹಾಡಿದ್ದ ಬಾಬ್ ಡಿಲನ್ ಕೊಲಂಬಿಯಾ ಕಂಪನಿಯ ಕಲಾವಿದ, ರೆಕಾರ್ಡ್ ಮಾರುವುದು ಕ್ಯಾಪಿಟಲ್ ಕಂಪನಿ. ಯಾರಿಗೆ ಎಷ್ಟು, ಯಾರ ಖರ್ಚು ಯಾರ ತಲೆಗೆ ಅಂತ ತಿಂಗಳುಗಟ್ಟಲೆ ಹಗ್ಗಜಗ್ಗಾಟ. ಕ್ಯಾಪಿಟಲ್‌ನ ಮುಖ್ಯಸ್ಥರು ಆಗ ನಮ್ಮ ಭಾರತದವರೇ, ಭಾಸ್ಕರ್ ಮೆನನ್. ಹ್ಯಾರಿಸನ್ ತಾಳ್ಮೆ ಕೆಟ್ಟು ನವೆಂಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲೇ ಈ ಜಗಳ ಬಯಲಿಗೆ ಹಾಕಿದರು. ಕೊನೆಗೆ ಎಲ್‌ಪಿ ಕ್ಯಾಪಿಟಲ್‌ಗೆ, ಟೇಪು ಕೊಲಂಬಿಯಾಕ್ಕೆ ಅಂತ ರಾಜಿ ಆಯಿತು. ಪೆಟ್ಟಿಗೆ ಅಮೆರಿಕದ ಅಂಗಡಿಗೆ ಬಂದದ್ದು ಡಿಸೆಂಬರ್ 20ಕ್ಕೆ. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಗಿದ್ದು ಡಿಸೆಂಬರ್ 16ಕ್ಕೆ. ಯುದ್ಧವೇ ಮುಗಿದಿತ್ತು ಸ್ವಾಮಿ!

ಅದಕ್ಕಿಂತ ದೊಡ್ಡ ಪೆಟ್ಟು ತೆರಿಗೆಯದು. ಕಾರ್ಯಕ್ರಮಕ್ಕೆ ಮುಂಚೆ ಯೂನಿಸೆಫ್ ಜೊತೆ ಕುಳಿತು, ಇದು ದತ್ತಿ ಕಾರ್ಯಕ್ರಮ ಅಂತ ವಿಧಿಪ್ರಕಾರ ಕಾಗದಪತ್ರ ಮಾಡಿಸಿರಲಿಲ್ಲ. ಹಾಗಾಗಿ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕೊಡಲಿಲ್ಲ. ಲಕ್ಷಾಂತರ ಡಾಲರ್ ವರ್ಷಗಟ್ಟಲೆ ತನಿಖೆಯಲ್ಲಿ ಸಿಕ್ಕಿಹಾಕಿಕೊಂಡಿತು, ಬಹುಪಾಲು ಬಿಡುಗಡೆ ಆಗುವಾಗ 1980ರ ದಶಕ ಬಂದಿತ್ತು. ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಬಿಡಿ ಅಂತ ಹ್ಯಾರಿಸನ್ ಖಜಾನೆ ಸಚಿವರನ್ನೇ ಹೋಗಿ ಕಂಡರು. ಆಗದು ಅಂದರು. 1973ರಲ್ಲಿ ಹತ್ತು ಲಕ್ಷ ಪೌಂಡಿನ ಚೆಕ್ಕನ್ನು ಸ್ವಂತ ಖಾತೆಯಿಂದ ತೆರಿಗೆಗೆ ಬರೆದುಕೊಟ್ಟರು. ದಾನ ಮಾಡಲು ಹೋದವನು ದಾನಕ್ಕೇ ತೆರಿಗೆ ಕಟ್ಟಿದ. ಅವರು ಕಳ್ಳರಲ್ಲ, ಸೋಮಾರಿಗಳೂ ಅಲ್ಲ. ಐದಾರು ವಾರದಲ್ಲಿ ಎಲ್ಲ ಮಾಡುವ ಅವಸರದಲ್ಲಿ ಕಾಗದ ಆಮೇಲೆ ನೋಡೋಣ ಅಂದುಕೊಂಡರು, ಅಷ್ಟೇ.

1984ರಲ್ಲಿ ಇಥಿಯೋಪಿಯಾದ ಬರಗಾಲಕ್ಕಾಗಿ ಬ್ಯಾಂಡ್ ಏಡ್ ತಂಡ ಹಾಡು ಮಾಡಿದಾಗಲೂ ಬ್ರಿಟಿಷ್ ಸರ್ಕಾರ ಮೊದಲು ತೆರಿಗೆ ಬಿಡಲಿಲ್ಲ. ಜನ ಕೂಗಾಡಿದ ಮೇಲೆ ಅಷ್ಟೇ ಮೊತ್ತವನ್ನು ದೇಣಿಗೆಯಾಗಿ ವಾಪಸ್ ಕೊಟ್ಟಿತು. ಅದರ ಬಗ್ಗೆ ಇನ್ನಷ್ಟು ಹೇಳಬೇಕಿತ್ತು, ಗಡಿಯಾರ ಬಿಡುತ್ತಿಲ್ಲ.

ಈಗ ನಮ್ಮ ಊರಿನ ಲೆಕ್ಕ, ಬೇಗ ಬೇಗ. ಪೆನ್ನು ತೆಗೆದುಕೊಳ್ಳಿ.

ನಿಮ್ಮದೇ ಹೊಸ ಟ್ರಸ್ಟ್ ಬೇಡ, ನೋಂದಣಿಗೇ ತಿಂಗಳು ಹಿಡಿಯುತ್ತದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಯನ್ನೋ, ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಅಂತ ಕರೆಯುವುದು) ಚಾಲ್ತಿಯಲ್ಲಿರುವ ಸಂಸ್ಥೆಯನ್ನೋ ಆರಿಸಿ. ಸಂಸ್ಥೆಯಾದರೆ ಅವರ ಲೆಟರ್‌ಹೆಡ್‌ನಲ್ಲಿ ಒಪ್ಪಿಗೆ ಪತ್ರ ತನ್ನಿ. ನಗದು ಬೇಡ. ಎರಡು ಸಾವಿರ ರೂಪಾಯಿ ದಾಟಿದ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿಯೇ ಸಿಗದು.

ಹಾಡು ಬರೆದವರು, ರಾಗ ಹಾಕಿದವರು ‘ನಮ್ಮ ರಾಯಧನವೆಲ್ಲ ಸಂತ್ರಸ್ತರಿಗೆ’ ಅಂತ ಹಕ್ಕನ್ನೇ ಬರೆದುಕೊಟ್ಟುಬಿಡುತ್ತಾರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ ಆ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ದುಡ್ಡು ನಿಮ್ಮ ಖಾತೆಗೆ ಬರಲಿ, ಅಲ್ಲಿಂದ ದೇಣಿಗೆ ಕೊಟ್ಟು ರಸೀದಿ ಪಡೆಯಿರಿ. ಹಳೆಯ ಸಿನಿಮಾ ರಾಗಕ್ಕೆ ಹೊಸ ಸಾಹಿತ್ಯ ಕೂರಿಸುವ ಆಸೆ ಇದ್ದರೆ ಹಕ್ಕುದಾರರ ಲಿಖಿತ ಅನುಮತಿ ಮೊದಲು. ಇಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಆದಾಯ ಪೂರ್ತಿ ಅವರಿಗೆ ಹೋಗಬಹುದು, ಹಾಡೇ ಮಾಯವಾಗಲೂಬಹುದು.

ಸ್ಟ್ರೀಮಿಂಗ್ ದುಡ್ಡು ಕೈಗೆ ಬರೋಕೆ ತಿಂಗಳುಗಳು ಬೇಕು. ನೆರೆಗೆ ಸಿಕ್ಕಿದ ಮನೆಯಲ್ಲಿ ಇವತ್ತೇ ಅಕ್ಕಿ ಬೇಕು. ಅದಕ್ಕೇ ಸಂಸ್ಥೆಯದೇ ಕ್ಯೂಆರ್ ಕೋಡನ್ನು ವಿಡಿಯೋದ ಮೊದಲ ಹತ್ತು ಸೆಕೆಂಡಿನೊಳಗೆ ತೋರಿಸಿ, ಕೊನೆಯಲ್ಲಿ ಹಾಕಿದರೆ ಅಲ್ಲಿಯ ತನಕ ನೋಡುವವರು ಕಡಿಮೆ. ನಿಮ್ಮ ತಂಡದ ಹುಡುಗನ ಫೋನ್ ನಂಬರಿನ ಕೋಡ್ ದಯವಿಟ್ಟು ಬೇಡ. ನಾಳೆ ಲೆಕ್ಕ ಕೇಳಿದಾಗ ಆ ಹುಡುಗ ಏನಂತ ಉತ್ತರ ಕೊಡಬೇಕು?

ಕೊನೆಯದಾಗಿ ಹೊರದೇಶದ ಕನ್ನಡ ಕೂಟದವರಿಗೆ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಸ್ವಂತ ದುಡ್ಡು ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಲೇಬೇಕು, ದುಡ್ಡು ಮೊದಲು ಬೀಳಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಹಾಗೆ ಬಂದದ್ದನ್ನು ಆ ಸಂಸ್ಥೆ ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಕೂಟದ ಕಾರ್ಯದರ್ಶಿಗಳು ಪೋಸ್ಟರ್ ಅಚ್ಚು ಹಾಕಿಸುವ ಮುಂಚೆ ಆ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನಮಸ್ಕಾರ.